ಮಗಳ ಹೊಟ್ಟೆಗೆ ಹರಳೆಣ್ಣೆ

ನಮ್ಮ ಊರಿನ ಕೊನೆಯ ಮನೆ ದಾಟಿ ಮತ್ತೋಡಿನ ಕಡೆ ಹೊರಟರೆ ಒಂದು ಮೋರಿ ಸಿಗುತ್ತದೆ. ಮಳೆ ಬಂದರೆ ಅದರ ಕೆಳಗೆ ಕೆಂಪು ನೀರು ಹರಿಯುತ್ತದೆ, ಇಲ್ಲದಿದ್ದರೆ ಬರೀ ಮುಳ್ಳುಗಿಡ. ಮೋರಿಯ ಗಿಡ್ಡ ಗೋಡೆಯ ಮೇಲೆ ಕೂತು ಹೋಗಿ ಬರುವ ಬಸ್ಸು ನೋಡುವುದು ಊರಿನ ಮುದುಕರ ಕೆಲಸ. ಆದರೆ ಆ ವರ್ಷ ಬೆಳಗಿನ ಜಾವದಲ್ಲಿ ಆ ಗೋಡೆಗೆ ನಾನೇ ಯಜಮಾನ. ಕೂರುತ್ತಿರಲಿಲ್ಲ, ಎರಡೂ ಕೈಯಲ್ಲಿ ಅದನ್ನು ಹಿಡಿದು ಬಗ್ಗಿ ನಿಂತಿರುತ್ತಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ದಬ್ಬಣ ಹಾಕಿ ಗೋಣಿಚೀಲ ಹೊಲಿಯುತ್ತಿರುವ ಹಾಗೆ ನೋವು. ಮಗಳು ಮೈಬಿಸಿ ಆರಬಾರದೆಂದು ನನ್ನ ಸುತ್ತಲೇ ಸುತ್ತು ಹಾಕುತ್ತಾ, "ಬಾಯಲ್ಲಿ ಉಸ್ರು ಬಿಡಪ್ಪಾ, ಜೋರಾಗಿ ಬಿಡು" ಅನ್ನುತ್ತಿದ್ದಳು. ನಾನು, "ಏನಾಗಿಲ್ಲ, ಲೇಸು ಬಿಚ್ಕಂಡೈತೆ" ಅನ್ನುತ್ತಿದ್ದೆ. ನನ್ನ ಬೂಟಿಗೆ ಲೇಸೇ ಇರಲಿಲ್ಲ. ಬಗ್ಗಿ ಕಟ್ಟುವುದು ಕಷ್ಟವೆಂದು ಅಂಟುಪಟ್ಟಿಯ ಬೂಟು ತಂದುಕೊಂಡಿದ್ದೆ. ಅದು ಅವಳಿಗೂ ಗೊತ್ತಿತ್ತು.

ಮೋರಿಯ ಆಚೆ ಇಳಿಜಾರು, ಇಳಿಜಾರು ಮುಗಿದಲ್ಲಿ ಒಂದು ಹಟ್ಟಿ, ಹಟ್ಟಿಯ ತುಂಬ ನಾಯಿಗಳು. ಆ ನಾಯಿಗಳನ್ನು ನಾನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಓಡುತ್ತಾ ಹೋಗಿ ಅವುಗಳ ಹತ್ತಿರ ಬೊಗಳಿಸಿಕೊಳ್ಳುವ ಭಾಗ್ಯ ಮಾತ್ರ ನನ್ನದಾಗಲಿಲ್ಲ. ನಾನು ಹೋಗದಿದ್ದರೆ ಮಗಳೂ ಹೋಗುವಂತಿರಲಿಲ್ಲ. ಎಲ್ಲ ತೊಂದರೆ ಇದ್ದದ್ದೇ ಅಲ್ಲಿ.

ಮಗಳು ಆಗ ಹೊಸದುರ್ಗದಲ್ಲಿ ಪಿಯುಸಿ ಓದುತ್ತಿದ್ದಳು. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಉದ್ದದ ಓಟ ಗೆದ್ದು ಬಂದಿದ್ದಳು. ಜಿಲ್ಲಾ ಮಟ್ಟದ್ದು ಚಿತ್ರದುರ್ಗದಲ್ಲಿ. ಅದಕ್ಕೆ ದಿನಾ ಬೆಳಗ್ಗೆ ರಸ್ತೆಯಲ್ಲಿ ನಿಲ್ಲದೆ ಓಡಿ ಅಭ್ಯಾಸ ಮಾಡಬೇಕು ಎಂದು ಅವಳ ಪಿಟಿ ಮೇಷ್ಟ್ರು ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಇಂಥದ್ದೆಲ್ಲ ತೀರ್ಮಾನ ಆಗುವುದು ನನ್ನ ಅವ್ವನ ಹತ್ತಿರ. ಅವ್ವ ಬೇಡ ಅನ್ನಲಿಲ್ಲ. "ಓಡ್ಲಿ, ಯಾಕೋಡಬಾರ್ದು. ಆದ್ರೆ ಹೆಣ್ಣುಡುಗಿ ಮಬ್ಬುಗತ್ಲಲ್ಲಿ ರಸ್ತೆಗೆ ಒಬ್ಳೇ ಹೋಗಂಗಿಲ್ಲ. ನೀನು ಜೊತಿಗೆ ಹೋಗು" ಅಂದಳು. ನಾನು, ಆಗಲಿ, ಬೈಕಲ್ಲಿ ಹಿಂದೆ ಹಿಂದೆ ಹೋಗ್ತೀನಿ ಅಂದೆ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಮುಂದೆ ಮಗಳು ಓಡೋದು, ಹಿಂದೆ ನೀನು ಗಾಡೀಲಿ ಬರ್‍ರಂತ ಹೋಗೋದು. ಕುರಿ ಹೊಡ್ಕಂಡು ಹೋದಂಗೆ ಕಾಣ್ತೈತೆ ಕಣ್ಲೇ, ಊರೋರು ನಗ್ತಾರೆ."

ಅಂಗಳದಲ್ಲಿ ನನ್ನ ತಮ್ಮ ಮರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ನಮ್ಮ ಮನೆಯ ಕುರಿ ನೋಡಿಕೊಳ್ಳುವವನು ಅವನೇ. ನಾನು ಓದಿ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವವನಾದೆ. ಅವನೂ ನಕ್ಕ. ಆ ನಗು ನನಗೆ ಎಲ್ಲಿಗೋ ತಾಗಿತು. ಮೊದಲೇ ನನ್ನದು ಮೂಗಿನ ತುದಿಯ ಕೋಪ. "ಗಾಡಿ ಯಾಕೆ? ನಾನೇ ಓಡ್ತೀನಿ. ಕುರಿ ಹಿಂದೆ ಹಿರಿಯೂರು ಸೀಮೆತಂಕ ಹೋಗಿ ಬರ್ತಿದ್ದ ಅಪ್ಪನ ಮಗ ನಾನು. ಅದೇ ರಕ್ತ ಅಲ್ವೇನೋ?" ಅಂದುಬಿಟ್ಟೆ.

ತಮ್ಮ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, "ಅಪ್ಪ ನಡೀತಿದ್ದ ಅಣ್ಣಾ, ಓಡ್ತಿರ್ಲಿಲ್ಲ" ಅಂದ.

ಅಷ್ಟು ಹೇಳಿದ ಮೇಲೆ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಅಲ್ಲಿಯವರೆಗೆ ನಾನು ಓಡಿದ್ದೆಂದರೆ ಬಸ್ಸಿನ ಹಿಂದೆ, ಅದೂ ಕಂಡಕ್ಟರು ಸೀಟಿ ಊದಿ ನಿಲ್ಲಿಸುತ್ತಾನೆ ಅನ್ನುವ ಧೈರ್ಯದ ಮೇಲೆ. ಮೊದಲ ದಿನ ಮೋರಿಗೂ ಮುಂಚೆಯೇ ಹೊಟ್ಟೆ ಹಿಡಿಯಿತು. ಹೊಸದು, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಮೋರಿಯವರೆಗೆ ತಲುಪುವಷ್ಟಾದೆ, ಅಲ್ಲಿಂದ ಮುಂದಕ್ಕೆ ದೇಹ ಒಪ್ಪಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಪಿಟಿ ಮೇಷ್ಟ್ರು ಮಗಳಿಗೆ ಮೊದಲೇ ಹೇಳಿದ್ದರು, ಓಡುವ ಮುಂಚೆ ಹೊಟ್ಟೆ ಹಗುರವಾಗಿರಬೇಕು, ಏನೂ ತುಂಬಿಕೊಳ್ಳಬೇಡಿ ಎಂದು. ಆದರೆ ನಮ್ಮ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಹೊಸ್ತಿಲು ದಾಟುವ ರೂಢಿಯೇ ಇಲ್ಲ. ಅಪ್ಪ ಇದ್ದಷ್ಟು ದಿನವೂ ಬೆಳ್ಳಿ ಮೂಡುವ ಹೊತ್ತಿಗೆ ಅವ್ವ ಕೊಟ್ಟ ಅಂಬಲಿ ಕುಡಿದು, ಆಮೇಲೆ ಕುರಿ ಬಿಡುತ್ತಿದ್ದ. ಅಪ್ಪ ಹೋದ ಮೇಲೆ ಅಷ್ಟು ಹೊತ್ತಿಗೆ ಏಳುವ ಕೆಲಸ ಅವ್ವನಿಗೆ ಇಲ್ಲವಾಯಿತು. ತಮ್ಮ ಬಿಸಿಲು ಬಂದ ಮೇಲೆ ಟೀ ಕುಡಿದು ಹೊರಡುವವನು. ನಾವು ಓಡಲು ಶುರುಮಾಡಿದ ದಿನ ಅವ್ವ ಯಾರೂ ಹೇಳದೆ ಎದ್ದು ಒಲೆ ಹಚ್ಚಿದಳು. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ, ಎರಡು ಚೊಂಬು ತಂದು ಮುಂದಿಟ್ಟಳು. ಆ ಹೊತ್ತಿನಲ್ಲಿ ಅವಳ ಮುಖದ ಮೇಲೆ ಒಂದು ಕಳೆ ಇರುತ್ತಿತ್ತು. ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಮಗಳು ಜಾಣೆ. ಚೊಂಬು ಎತ್ತಿ ತುಟಿ ಒದ್ದೆ ಮಾಡಿಕೊಳ್ಳುವಳು. ಅವ್ವ ಒಲೆಯ ಕಡೆ ತಿರುಗುತ್ತಿದ್ದ ಹಾಗೇ ಉಳಿದದ್ದನ್ನೆಲ್ಲ ನನ್ನ ಚೊಂಬಿಗೆ ಸುರಿದು, "ಪ್ಲೀಸ್ ಅಪ್ಪಾ" ಎಂದು ಕಣ್ಣಲ್ಲೇ ಬೇಡುವಳು. ಅವ್ವನ ಅಂಬಲಿ ಚೆಲ್ಲುವುದುಂಟೆ? ಇಬ್ಬರದನ್ನೂ ನಾನೇ ಕುಡಿಯುತ್ತಿದ್ದೆ. ಆಮೇಲೆ ಹೊಟ್ಟೆಯಲ್ಲಿ ಅದು ಕೊಡದ ನೀರಿನ ಹಾಗೆ ತುಳುಕುತ್ತಾ, ನನ್ನ ಜೊತೆ ಮೋರಿಯವರೆಗೆ ಬರುತ್ತಿತ್ತು. ಹೀಗೆ ಅವಳ ಅಭ್ಯಾಸ ನಡೆಯಿತು, ಒಂದಷ್ಟು ಓಡುವುದು, ಅಪ್ಪನಿಗಾಗಿ ನಿಲ್ಲುವುದು, ಮತ್ತೆ ಒಂದಷ್ಟು ಓಡುವುದು.

ನಾನು ಪಾಠ ಹೇಳುತ್ತಿದ್ದದ್ದೂ ಮಗಳ ಕಾಲೇಜಿನಲ್ಲೇ. ಒಂದು ದಿನ ಅಲ್ಲಿನ ವರಾಂಡದಲ್ಲಿ ಪಿಟಿ ಮೇಷ್ಟ್ರು ನನ್ನನ್ನು ತಡೆದು ನಿಲ್ಲಿಸಿದರು. ಅವರು ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಬಿರುಸು. "ಏನ್ ಸಾರ್, ನಿಮ್ಮ ಮಗಳಿಗೆ ಮಧ್ಯ ಮಧ್ಯ ನಿಲ್ಲೋ ಚಾಳಿ ಅಂಟ್ಕಂಡೈತಲ್ಲ. ಮೊದಲು ಹಿಂಗಿರ್ಲಿಲ್ಲ. ನಿನ್ನೆ ಗ್ರೌಂಡಲ್ಲಿ ಓಡ್ತಾ ಓಡ್ತಾ ಹಿಂದಕ್ಕೆ ತಿರುಗಿ ನೋಡ್ತಾಳೆ. ಯಾರನ್ನ ನೋಡ್ತಾಳೆ ಅಂತೀನಿ" ಅಂದರು. ಯಾರನ್ನು ನೋಡುತ್ತಾಳೆ ಎಂದು ನನಗೆ ಗೊತ್ತಿತ್ತು. "ಹೌದಾ ಸಾರ್? ಮನೇಲಿ ವಿಚಾರಿಸ್ತೀನಿ" ಎಂದು ಹೇಳಿ ತರಗತಿಗೆ ಹೋದೆ. ಆ ದಿನ ಏನು ಪಾಠ ಮಾಡಿದೆನೋ ದೇವರೇ ಬಲ್ಲ. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ನಾನು ಅವನ್ನೇ ನೋಡುತ್ತಾ ನಿಂತಿದ್ದೆನಂತೆ. ಆಗಲಾದರೂ ನನ್ನ ಕೈಲಾಗಲ್ಲ ಎಂದು ಮನೆಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ತಮ್ಮನ ಎದುರಿಗೆ ಆ ಮಾತು ಹೇಗೆ ಆಡಲಿ ಅನ್ನುವುದೇ ನನಗೆ ದೊಡ್ಡದಾಯಿತು.

ಇನ್ನು ಆ ಬೆಳಗಿನ ವಿಷಯ. ಹಿಂದಿನ ದಿನ ಹಿರಿಯೂರು ಕಡೆಯಿಂದ ನನ್ನ ಸೋದರಮಾವ ಬಂದಿದ್ದ, ಮಗನ ಮದುವೆಗೆ ಕರೆಯಲು. ಅವನ ಗೌರವಕ್ಕೆ ಅವ್ವ ನನಗೆ ಅಂಬಲಿಯ ಜೊತೆ ರಾತ್ರಿಯ ಮುದ್ದೆಯನ್ನೂ ಮಜ್ಜಿಗೆಗೆ ಕಿವುಚಿ ಕೊಟ್ಟಳು. ಮಾವ ಎದುರಿಗೇ ಕೂತು, "ಕುಡಿಯೋ ಅಳಿಯಾ, ಓಡೋನು ನೀನು" ಎಂದು ಹುರಿದುಂಬಿಸಿದ. ಕುಡಿದೆ. ಮೋರಿಯವರೆಗೂ ಹೋಗಲಾಗಲಿಲ್ಲ. ಹೊಟ್ಟೆ ಹಿಡಿದ ರಭಸಕ್ಕೆ ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಂತುಬಿಟ್ಟೆ. ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬಂದ ಊರಿನವನೊಬ್ಬ ನನ್ನ ಭಂಗಿ ನೋಡಿ ತನ್ನದೇ ಅರ್ಥ ಮಾಡಿಕೊಂಡ. ಮರ್ಯಾದೆಗೆ ಮುಖ ಆ ಕಡೆ ತಿರುಗಿಸಿ, "ಬೇಲಿ ಮರೆಗಾದ್ರೂ ಹೋಗ್ಬಾರ್ದಾ ಮೇಷ್ಟ್ರೇ, ಮಗಳು ನಿಂತವ್ಳೆ" ಎಂದು ಹೇಳಿಯೇ ಹೋದ. ನಾನು ಅಲ್ಲ ಅಲ್ಲ ಎಂದು ಕೈ ಆಡಿಸಿದೆ. ಅಷ್ಟರಲ್ಲಿ ಕುಡಿದದ್ದೆಲ್ಲ ಹೊರಗೆ ಬಂತು. ಮಗಳು ಬೆನ್ನು ಸವರಿದಳು, ತನ್ನ ಕೊರಳ ಟವೆಲಿನಿಂದ ನನ್ನ ಬಾಯಿ ಒರೆಸಿದಳು. ಅವಳು ಚಿಕ್ಕವಳಿದ್ದಾಗ ನಾನೆಷ್ಟು ಸಲ ಅವಳ ಬಾಯಿ ಒರೆಸಿದ್ದೇನೆ ಎಂದು ಕೇಳಿದರೆ ನೆನಪಾಗುವುದಿಲ್ಲ. ಅದೆಲ್ಲ ಅವರಮ್ಮನೇ ಮಾಡಿದ್ದು.

ಇಬ್ಬರೂ ನಡೆದುಕೊಂಡೇ ಮನೆಗೆ ಬಂದೆವು. ಜಗಲಿಯ ಮೇಲೆ ಅವ್ವ, ಮಾವ, ತಮ್ಮ, ಎಲ್ಲರೂ ಕೂತಿದ್ದರು. "ಯಾಕ್ರೋ, ನಡ್ಕಂಡ್ ಬರ್ತಿದೀರಾ? ಏನಾಯ್ತು?" ಎಂದು ಅವ್ವ ಎದ್ದಳು. ನಾನು ತಮ್ಮನ ಕಡೆ ನೋಡಿದೆ. ಮಗಳು ಒಂದು ಸಲ ನನ್ನ ಮುಖ ನೋಡಿದಳು.

"ನಂಗೆ ಹೊಟ್ಟೆ ಹಿಡ್ಕಂತು ಅಜ್ಜಿ. ವಾಂತಿನೂ ಆಯ್ತು. ಅದ್ಕೇ ತಡ" ಅಂದಳು.

ನನ್ನ ಬಲಗೈ ಪಕ್ಕೆಯ ಮೇಲೆಯೇ ಇತ್ತು. ಅದನ್ನು ಮೆಲ್ಲಗೆ ತೆಗೆದೆ. ಹಾಗೆ ತೆಗೆದದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ. ಸುಮ್ಮನಿದ್ದಿದ್ದರೂ ತಪ್ಪು ಅಷ್ಟಕ್ಕೇ ನಿಲ್ಲುತ್ತಿತ್ತು. ನಾನು ಎದೆ ಸೆಟೆಸಿ, "ಹೂಂ ಅವ್ವ, ಸ್ವಲ್ಪ ಕೂರಿಸಿ ನಡೆಸ್ಕಂಡು ಬಂದೆ" ಎಂದು ಸೇರಿಸಿದೆ. ಮಾವ ತಲೆದೂಗಿದ. "ನೋಡಕ್ಕಾ, ವಯಸ್ಸಿನ ಹುಡುಗಿ ಸುಸ್ತಾದ್ಲು, ಇವನು ಗಟ್ಟಿಯಾಗವ್ನೆ. ಎಷ್ಟಾದ್ರೂ ಕುರಿ ಕಾಯೋರ ಮೈ" ಅಂದ. ತಮ್ಮನೂ ನನ್ನ ಕಡೆ ಮೆಚ್ಚಿ ನೋಡಿದ. ಆ ಮೆಚ್ಚುಗೆ ಒಂದು ಕ್ಷಣ ರುಚಿಯಾಗಿಯೇ ಇತ್ತು. ಥೂ ನನ್ನ ಜನ್ಮಕ್ಕೆ.

ಅವ್ವ ಅಲ್ಲಿಗೆ ಬಿಡುವವಳಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಹೊಕ್ಕಳು ಕೂರಿಸುವ ಒಬ್ಬ ಅಜ್ಜಿ ಇದ್ದಾಳೆ. ಯಾರಾದರೂ ಭಾರ ಎತ್ತಿಯೋ ಎಗರಿಯೋ ಹೊಟ್ಟೆನೋವು ಬಂತೆಂದರೆ ಹೊಕ್ಕಳು ಜಾರಿದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಆ ಅಜ್ಜಿ ಎಣ್ಣೆ ಹಚ್ಚಿ ಉಜ್ಜಿ ಅದನ್ನು ಜಾಗಕ್ಕೆ ತರುತ್ತಾಳೆ. ಬಿಸಿಲೇರುವ ಹೊತ್ತಿಗೆ ಅವಳು ಬಂದಳು. "ಗಂಡಸ್ರು ಹೊರಗಿರ್‍ರಿ" ಎಂದು ಬಾಗಿಲು ಎಳೆದುಕೊಂಡಳು. ನಾನು ಜಗಲಿಯ ಕಂಬಕ್ಕೆ ಒರಗಿ ಕೂತೆ. ಒಳಗಿನ ಮಾತು ಕೇಳುತ್ತಿತ್ತು.

"ಇಲ್ಲಿ ನೋಯ್ತೈತಾ?"

"ಇಲ್ಲ ಅಜ್ಜಿ."

"ಇಲ್ಲಿ?"

"ಇಲ್ಲ."

"ಸರ್ಯಾಗಿ ಹೇಳೇ ಹುಡುಗಿ. ಇಲ್ಲಿ?"

"ಹೂಂ. ಅಲ್ಲೇ" ಅಂದಳು ಮಗಳು.

ಮುದುಕಿಯ ಹೆಬ್ಬೆರಳು ಕಬ್ಬಿಣದ್ದು, ಊರಿಗೆಲ್ಲ ಗೊತ್ತು. ಉಜ್ಜಿದ ಮೇಲೆ ಹೊಕ್ಕಳ ಮೇಲೆ ವೀಳ್ಯದೆಲೆ ಇಟ್ಟು, ಅದರ ಮೇಲೆ ಸಣ್ಣ ಬತ್ತಿ ಹಚ್ಚಿ, ಚೊಂಬು ಬೋರಲು ಹಾಕುತ್ತಾಳೆ. ದೀಪ ಆರಿ ಚೊಂಬು ಹೊಟ್ಟೆಯನ್ನು ಎಳೆದು ಹಿಡಿಯುತ್ತದೆ. ಆಗ ಮಗಳು ಒಮ್ಮೆ "ಅಯ್ಯೋ" ಅಂದಳು. ಜೋರಾಗಿ ಏನಲ್ಲ. ನಾನು ಎದ್ದು ನಿಂತೆ. ಬಾಗಿಲು ತಳ್ಳಿ ಒಳಗೆ ಹೋಗಿ, ಆ ಚೊಂಬು ಕಿತ್ತು ನನ್ನ ಹೊಟ್ಟೆಗೆ ಹಾಕು ಅನ್ನಬೇಕಿತ್ತು. ಮಾವ ಎಲೆ ಅಡಿಕೆ ಮುಂದೆ ಚಾಚಿದ. ತೆಗೆದುಕೊಂಡು ಮತ್ತೆ ಕೂತೆ.

"ಎರಡು ಬೆರಳು ಜಾರೈತೆ" ಎಂದು ಮುದುಕಿ ತೀರ್ಪು ಕೊಟ್ಟಳು. "ಓಡಂಗಿಲ್ಲ, ಎಗರಂಗಿಲ್ಲ, ಕೊಡ ಹೊರಂಗಿಲ್ಲ. ಅಮಾಸೆ ಕಳೀಲಿ." ಚಿತ್ರದುರ್ಗದ ಕ್ರೀಡಾಕೂಟ ಅಮಾವಾಸ್ಯೆಗೂ ಮುಂಚೆ ಇತ್ತು. ಅವ್ವನಿಗೆ ಅದನ್ನು ಹೇಳಿದರೆ, "ಓಟ ಮುಂದಿನ ವರ್ಷನೂ ಬತ್ತೈತೆ. ಹೆಣ್ಣುಡುಗಿ ಹೊಟ್ಟೆ, ನಾಳೆ ಹಡೆಯೋ ಹೊಟ್ಟೆ. ಹೆಚ್ಚು ಕಮ್ಮಿ ಆದ್ರೆ ಯಾರು ಜವಾಬ್ದಾರಿ?" ಅಂದಳು. ಮಗಳ ಬೂಟುಗಳನ್ನು ಒಂದು ಕೈಚೀಲಕ್ಕೆ ಹಾಕಿ ಅಟ್ಟದ ಮೇಲೆ ಎಸೆದಳು. ಮಗಳು ಮೈಯೆಲ್ಲ ಹರಳೆಣ್ಣೆ ವಾಸನೆ ಹೊಡೆಯುತ್ತಾ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಳು.

ಊಟಕ್ಕೆ ಬಡಿಸುವಾಗ ನನ್ನ ಹೆಂಡತಿ ತಟ್ಟೆಗೆ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ, "ನಿಮ್ಮ ಅಂಗಿ ಮೇಲೆ ಅಂಬ್ಲಿ ಕಲೆ ಐತೆ. ಅವಳ ಬಟ್ಟೆ ಮೇಲೆ ಇಲ್ಲ. ನೀವು ಹೇಳ್ತೀರೋ, ನಾನೇ ಹೇಳ್ಲೋ?" ಅಂದಳು. "ಮಾವ ಹೋಗ್ಲಿ ತಡಿಯೇ" ಅಂದೆ. "ಮಾವ ಹೋಗ್ಲಿ" ಎಂದು ನನ್ನದೇ ದನಿಯಲ್ಲಿ ಅಣಕಿಸಿ ಒಳಗೆ ಹೋದಳು. ಸಾರು ಬಡಿಸುವುದನ್ನು ಮರೆತಳೋ, ಬೇಕೆಂದೇ ಬಿಟ್ಟಳೋ, ನಾನು ಕೇಳಲಿಲ್ಲ.

ಮಧ್ಯಾಹ್ನ ಮಗಳ ಹತ್ತಿರ ಹೋಗಿ ಕೂತೆ. "ಯಾಕಮ್ಮ ಹಂಗಂದೆ?"

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ನಿನ್ ಮುಖ ಹಂಗಿತ್ತಪ್ಪಾ" ಅಂದಳು.

ಹೇಗಿತ್ತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಎಷ್ಟು ದೀನವಾಗಿ ಕಂಡಿದ್ದರೆ ಅಷ್ಟು ಸಣ್ಣ ಹುಡುಗಿ ಅಪ್ಪನನ್ನು ಕಾಪಾಡಬೇಕು ಅಂದುಕೊಂಡಾಳು?

ಸಂಜೆ ಮಾವನನ್ನು ಬಸ್ಸು ಹತ್ತಿಸಿ ಬಂದೆ. ಅವ್ವ ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದಳು. ನಿಂತ ನಿಲುವಿನಲ್ಲೇ, "ಅವ್ವ, ಹೊಟ್ಟೆ ಹಿಡಿದದ್ದು ನಂಗೆ. ಅವಳಿಗಲ್ಲ. ದಿನಾ ಹಿಡೀತಿತ್ತು. ವಾಂತಿ ಮಾಡಿದ್ದೂ ನಾನೇ" ಅಂದೆ. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅಂದುಕೊಂಡಿದ್ದೆ. ಅವ್ವ ಒಂದು ಸೌದೆ ಎತ್ತಿ ಇಟ್ಟಳು, ಇನ್ನೊಂದು ಎತ್ತಿ ಇಟ್ಟಳು. ಆಮೇಲೆ, "ಮಗಳನ್ನ ಓಡಿಸ್ಲೇಬೇಕು ಅಂತ ನನ್ನ ಮುಂದೆ ಸುಳ್ಳು ಹೇಳ್ತೀಯಾ?" ಅಂದಳು.

"ಸುಳ್ಳಲ್ಲ ಅವ್ವ."

"ಬೆಳಗ್ಗೆ ನಿಮ್ಮಾವನ ಮುಂದೆ ನೀನೇ ಅಂದ್ಯಲ್ಲ, ಕೂರಿಸಿ ನಡೆಸ್ಕಂಡು ಬಂದೆ ಅಂತ. ಈಗ ತಿರುಗಾ ಹಾಕ್ತೀಯಾ? ಮಕ್ಕಳಿಗೆ ಪಾಠ ಹೇಳೋನು, ನಾಚ್ಕೆ ಆಗಲ್ವೇನ್ಲೇ ನಿಂಗೆ?"

ಆಗುತ್ತಿತ್ತು. ಆದರೆ ಅವಳು ಅಂದುಕೊಂಡ ಕಾರಣಕ್ಕಲ್ಲ. ಸುಳ್ಳನ್ನು ಆ ಕ್ಷಣಕ್ಕೇ ನಂಬಿದ ಅವ್ವ, ನಿಜ ಹೇಳಿದರೆ ನಂಬಲೊಲ್ಲಳು. ನನ್ನ ಹೆಂಡತಿ ಬಂದು ಹೇಳಿದಳು, ಅಂಗಿಯ ಕಲೆ ತೋರಿಸಿದಳು. "ನೀವೆಲ್ಲ ಒಂದಾಗಿದೀರ" ಎಂದು ಅವ್ವ ಅವಳನ್ನೂ ಗದರಿದಳು. ನನಗೆ ರೇಗಿತು. "ಹಂಗಾದ್ರೆ ನಾಳೆ ಬೆಳಗ್ಗೆ ಅಂಬ್ಲಿ ಕುಡಿಸಿ ನೀನೇ ಕುಂತು ನೋಡು. ನಿನ್ನ ಕಣ್ಣೆದುರಿಗೇ ಓಡ್ತೀನಿ" ಅಂದೆ.

ಮಾರನೆಯ ದಿನ ಅವ್ವ ಎರಡು ಚೊಂಬು ಅಂಬಲಿ ತಂದಳು. ನಾನೇ ಕೇಳಿ ಎರಡನ್ನೂ ಕುಡಿದೆ. ನಮ್ಮ ಮನೆಯ ಮುಂದೆ ಬಯಲು, ನಡುವೆ ಬೇವಿನ ಮರ, ಅದರಾಚೆ ತಮ್ಮನ ಕುರಿ ರೊಪ್ಪ. ಮರವನ್ನೂ ರೊಪ್ಪವನ್ನೂ ಸುತ್ತಿ ಓಡಲು ಶುರುಮಾಡಿದೆ. ಅವ್ವ ಜಗಲಿಯ ಮೇಲೆ ಕೋಲು ಹಿಡಿದು ಕೂತಿದ್ದಳು. ಮಗಳು ಬಾಗಿಲಲ್ಲಿ ನಿಂತಿದ್ದಳು. ನೀರಿಗೆ ಬಂದವರು ಕೊಡ ಇಳಿಸಿದರು. ಹಾಲಿನವನು ಮೊಪೆಡ್ಡು ನಿಲ್ಲಿಸಿ, "ಏನಾಗೈತೆ ಮೇಷ್ಟ್ರಿಗೆ?" ಎಂದು ತಮ್ಮನನ್ನು ಕೇಳಿದ. ತಮ್ಮ ರೊಪ್ಪದ ಬೇಲಿಗೆ ಒರಗಿ, "ಹೊಟ್ಟೆನೋವು ಬರ್ಬೇಕಂತೆ, ಅದಕ್ಕೆ ಓಡ್ತಾವ್ನೆ" ಅಂದ. ಎಲ್ಲರೂ ನಕ್ಕರು.

ಬರಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು, ಮತ್ತೂ ಒಂದು. ದಿನವೂ ಕರೆಯದೆ ಬರುತ್ತಿದ್ದ ನೋವು ಅವತ್ತು ಕರೆದರೂ ಬರಲಿಲ್ಲ. ಕೋಪಕ್ಕೋ ಏನೋ ಉಸಿರು ತಾನಾಗಿ ಸರಿಯಾಗಿ ಆಡುತ್ತಿತ್ತು. ಕಾಲು ಹಗುರಾಗಿದ್ದವು. ಕುರಿಗಳು ನಾನು ಹತ್ತಿರ ಬಂದಾಗಲೆಲ್ಲ ಬೆದರಿ ಆ ಕಡೆ ಈ ಕಡೆ ಹೊರಳುತ್ತಿದ್ದವು. ತಮ್ಮ ನಗುವುದನ್ನು ನಿಲ್ಲಿಸಿ, "ಭಲೇ ಅಣ್ಣಾ!" ಎಂದು ಕೂಗಿದ. ಅದು ಅಣಕವಲ್ಲ. ನನಗೆ ಖುಷಿಯಾಯಿತು. ನಿಜ ಹೇಳುತ್ತೇನೆ, ಹೀಗೇ ಇನ್ನೂ ಹತ್ತು ಸುತ್ತು ಓಡಿ ಎಲ್ಲರ ಬಾಯಿ ಮುಚ್ಚಿಸೋಣ ಅನ್ನಿಸಿತು.

ಆಗ ಅವ್ವನ ಮುಖ ಕಂಡಿತು. ನಾನು ಹೇಳಿದ್ದೇ ಸರಿ, ನಿನಗೇನೂ ಆಗಿಲ್ಲ, ಹೊಟ್ಟೆ ಕೆಟ್ಟಿರುವುದು ಹುಡುಗಿಯದೇ ಎಂದು ಅದರ ಮೇಲೆ ಬರೆದಿತ್ತು. ಅವಳ ಹಿಂದೆ ಬಾಗಿಲಲ್ಲಿ ಮಗಳು ನನ್ನನ್ನು ನೋಡುತ್ತಿರಲಿಲ್ಲ. ತಲೆ ಎತ್ತಿ ಒಳಗಿನ ಅಟ್ಟವನ್ನು ನೋಡುತ್ತಿದ್ದಳು.

ಬೇವಿನ ಮರದ ಹತ್ತಿರ ಬಂದೆ. ಪಕ್ಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಅಯ್ಯಯ್ಯೋ ಅವ್ವಾ" ಎಂದು ಕೂಗಿ ಕೆಂಪು ಮಣ್ಣಿನಲ್ಲಿ ಬಿದ್ದುಕೊಂಡೆ. ಬಿದ್ದವನು ಹೊರಳಾಡಿದೆ ಕೂಡ. ಕಾಲೇಜಿನ ನಾಟಕದಲ್ಲಿ ಎಂದೂ ನನಗೆ ಪಾತ್ರ ಕೊಟ್ಟಿರಲಿಲ್ಲ.

ಮೊದಲು ಬಂದವಳು ಮಗಳು. ಮಂಡಿಯೂರಿ ನನ್ನ ಮುಖದ ಹತ್ತಿರ ಬಗ್ಗಿ, ತುಟಿ ಅಲುಗಿಸದೆ ಹೇಳಿದಳು. "ಬಲಗಡೆ ಅಪ್ಪಾ. ಬಲಗಡೆ."

ನಾನು ಹಿಡಿದುಕೊಂಡದ್ದು ಎಡ ಪಕ್ಕೆ. ನರಳುತ್ತಲೇ ಕೈ ಈ ಕಡೆ ತಂದುಕೊಂಡೆ.

ಅಷ್ಟರಲ್ಲಿ ಅವ್ವ ಬಂದಳು. ಓಡಿ ಬಂದಳು. ಮಂಡಿನೋವಿನ ಅವ್ವ, ನಲ್ಲಿಯ ಹತ್ತಿರ ಹೋಗುವುದಕ್ಕೂ ಗೋಡೆ ಹಿಡಿಯುವ ಅವ್ವ, ಕೋಲನ್ನು ಜಗಲಿಯ ಮೇಲೇ ಬಿಟ್ಟು, ಸೆರಗು ಜಾರಿದ್ದನ್ನೂ ನೋಡದೆ, ಬರಿಗಾಲಲ್ಲಿ ಬಯಲು ದಾಟಿ ಓಡಿ ಬಂದಳು. ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, "ಏನಾಯ್ತೋ ನನ್ ಮಗಾ, ನೀನು ಹೇಳ್ದೆ, ನಾನು ನಂಬ್ಲಿಲ್ಲ, ನನ್ ಬುದ್ಧಿಗೆ ಬೆಂಕಿ ಬೀಳ" ಎಂದು ತನ್ನ ಹಣೆ ಬಡಿದುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ನೋವಿಗಲ್ಲ, ಅವಳ ಮುಖ ನೋಡಲಾಗದೆ. ನಿಜವಾಗಿ ನೋಯುತ್ತಿದ್ದ ದಿನಗಳಲ್ಲಿ ಲೇಸು ಬಿಚ್ಚಿದೆ ಅನ್ನುತ್ತಿದ್ದ ನಾನು, ಏನೂ ನೋಯದ ದಿನ ಊರಿನ ಮುಂದೆ ಬಿದ್ದುಕೊಂಡು ಅವ್ವನಿಂದ ತಪ್ಪು ಒಪ್ಪಿಸಿಕೊಳ್ಳುತ್ತಿದ್ದೆ. ಅಂಥ ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ತಮ್ಮನೂ ಹಾಲಿನವನೂ ನನ್ನನ್ನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಮಲಗಿಸಿದರು. ಹೊಕ್ಕಳಿನ ಅಜ್ಜಿ ಮತ್ತೆ ಬಂದಳು. ಅದೇ ಹರಳೆಣ್ಣೆ, ಅದೇ ಹೆಬ್ಬೆರಳು. ಮಗಳು ಆ ಹೆಬ್ಬೆರಳಿಗೂ ಚೊಂಬಿಗೂ ಸೇರಿ ಒಂದೇ ಸಲ ಮಾ‍ತ್ರ "ಅಯ್ಯೋ" ಅಂದಿದ್ದು ಹೇಗೆ ಎಂದು ನನಗೆ ಈಗ ಆಶ್ಚರ್ಯವಾಯಿತು. ನಾನಂತೂ ನಾಟಕದ ಅವಶ್ಯಕತೆಯೇ ಇಲ್ಲದೆ ಕೂಗಿದೆ. "ಇವಂದು ಮೂರು ಬೆರಳು ಜಾರೈತೆ" ಅಂದಳು ಮುದುಕಿ.

"ಹಂಗಾದ್ರೆ ಹುಡುಗೀದು?" ಅವ್ವ ಕೇಳಿದಳು. "ನೆನ್ನೆ ಎರಡು ಬೆರಳು ಅಂದ್ಯಲ್ಲ, ಅವಳಿಗೇನೂ ಆಗಿರ್ಲೇ ಇಲ್ವಂತೆ."

ಮುದುಕಿ ಕೈ ನಿಲ್ಲಿಸಲಿಲ್ಲ. "ಅದು ನೆನ್ನೇನೇ ಕುಂತ್ಕಂತಲ್ಲ. ನನ್ನ ಕೈ ಅಂದ್ರೆ ಏನಂದ್ಕಂಡಿದೀಯ? ಅವಳು ಈಗ ಓಡ್ಬೋದು, ಎಗರ್‍ಬೋದು. ಇವನ್ನ ಮಾತ್ರ ಅಮಾಸೆತಂಕ ಏಳಿಸ್ಬ್ಯಾಡ."

ಅವ್ವ ಅಟ್ಟದ ಕಡೆ ಕೈ ತೋರಿಸಿದಳು. ನನ್ನ ಹೆಂಡತಿ ಏಣಿ ಹತ್ತಿ ಕೈಚೀಲ ಇಳಿಸಿದಳು. ಮಗಳು ಹೊಸ್ತಿಲ ಹತ್ತಿರ ಕೂತು ಲೇಸು ಕಟ್ಟಿಕೊಂಡಳು. ಅವಳ ಬೂಟಿಗೆ ಲೇಸು ಇತ್ತು. ಕಟ್ಟಿ ಮುಗಿದ ಮೇಲೂ ಎದ್ದೇಳದೆ ಅಲ್ಲೇ ಕೂತಿದ್ದಳು, ಜೊತೆಗೆ ಯಾರು ಬರುತ್ತಾರೆ ಎಂದು ಕಾಯುತ್ತಾ.

"ಹೋಗೇ, ಇನ್ನೂ ಯಾಕೆ ಕುಂತಿದೀಯ? ಬಿಸ್ಲೇರ್ತೈತೆ" ಅಂದಳು ಅವ್ವ.

"ಒಬ್ಳೇನಾ ಅಜ್ಜಿ?"

"ಮತ್ತೆ? ನಿಮ್ಮಪ್ಪನ್ನ ಹೊತ್ಕಂಡು ಹೋಗ್ತೀಯಾ? ಇವನ ತಾವ ನಾನಿರ್ತೀನಿ, ನೀನ್ ಹೋಗು."

ಮಗಳು ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ಹೋಗು ಎಂದು ಕಣ್ಣಲ್ಲೇ ಅಂದೆ. ಅವಳು ಹೋದಳು. ಇಷ್ಟೇ ಸಾಕಾಗಿತ್ತೆ? ಅವಳು ಓಡಲಿ ಎಂದು ನಾನು ಅಷ್ಟು ದಿನ ಅಂಬಲಿ ತುಂಬಿಕೊಂಡು ಅವಳ ಪಕ್ಕದಲ್ಲಿ ಓಡಿ, ಅವಳನ್ನು ಮೋರಿಯ ಹತ್ತಿರ ಕಟ್ಟಿಹಾಕಿದ್ದೆ. ಮೊದಲ ದಿನವೇ ನನಗಾಗುವುದಿಲ್ಲ ಎಂದು ಮಲಗಿದ್ದರೆ ಮುಗಿಯುತ್ತಿತ್ತು.

"ಹೊಟ್ಟೇಲಿ ಕಸುವೇ ಇಲ್ಲ ನಿಂಗೆ, ಅದ್ಕೇ ಹಿಂಗಾಗೈತೆ" ಎಂದು ಅವ್ವ ಇನ್ನೊಂದು ಚೊಂಬು ಅಂಬಲಿ ತಂದು ನನ್ನ ತಲೆ ಎತ್ತಿ ಹಿಡಿದಳು. ನಮ್ಮ ಬೀದಿಯ ನಾಯಿ ಬೊಗಳಿ ಸುಮ್ಮನಾಯಿತು. ನಾನು ಕಿವಿಗೊಟ್ಟು ಮಲಗಿದ್ದೆ. ಅವಳು ಮೋರಿಯ ಹತ್ತಿರ ಬಂದಿರುತ್ತಾಳೆ, ಅಲ್ಲಿ ನಿಂತು ಹಿಂದಕ್ಕೆ ನೋಡುತ್ತಾಳೆ ಅಂದುಕೊಂಡೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ದೂರದಲ್ಲಿ, ಇಳಿಜಾರಿನ ಆಚೆ, ಹಟ್ಟಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಲು ಶುರುಮಾಡಿದವು.

"ಯಾಕೋ ಕಣ್ಣಲ್ಲಿ ನೀರು? ಅಷ್ಟು ನೋಯ್ತೈತಾ ಮಗಾ?" ಅಂದಳು ಅವ್ವ.

"ಹೂಂ ಅವ್ವ" ಎಂದು ಅಂಬಲಿ ಕುಡಿದೆ.